ಎಳೆದ ಕಡೆ ದಪ್ಪಗಾದ ಗೆರೆ

ಹೋದ ತಿಂಗಳು ರಾಬರ್ಟ್‌ಸನ್‌ಪೇಟೆಗೆ ಹೋಗಿದ್ದೆ. ಹಳೆಯ ವಿದ್ಯಾರ್ಥಿನಿಯೊಬ್ಬಳ ಮೊಮ್ಮಗುವಿಗೆ ನಾಮಕರಣ. ಬಸ್ಸಿಳಿದು, ಬಿಸಿಲು ತಪ್ಪಿಸಿಕೊಳ್ಳೋಣ ಎಂದು ಮಾರ್ಕೆಟ್ಟಿನ ಹಿಂದಿನ ಓಣಿ ಹಿಡಿದೆ. ಅಲ್ಲಿ ಮಟನ್ ಅಂಗಡಿಯ ಹಿಂಬದಿಯಲ್ಲಿ ಹೆಂಗಸೊಬ್ಬಳು ಬಿಸಿನೀರಿಗೆ ಸುಣ್ಣ ಹಾಕಿಕೊಂಡು ಬೋಟಿ ತೊಳೆಯುತ್ತಿದ್ದಳು. ಮೇಕೆಯ ಕರುಳಿನ ಆ ಬೆಚ್ಚನೆಯ ವಾಸನೆ ಮೂಗಿಗೆ ತಾಗಿದ್ದೇ ಕಾಲು ನಿಂತುಬಿಟ್ಟಿತು. ಅವಳು ತಲೆಯೆತ್ತಿ, "ಬೋಟಿ ಬೇಕಾಮ್ಮ?" ಎಂದಳು. ಬೇಡವೆಂದು ಕೈಯಾಡಿಸಿ ಮುಂದೆ ನಡೆದೆ. ನಾಮಕರಣದ ಮನೆಯಲ್ಲಿ ಏನು ಉಂಡೆನೋ, ಯಾರ ಜೊತೆ ಏನು ಮಾತಾಡಿದೆನೋ ನೆನಪಿಲ್ಲ. ಮನೆಗೆ ಬಂದ ಮೇಲೂ ವೆಂಕಟರವಣಪ್ಪ ತಲೆಯಿಂದ ಇಳಿಯಲಿಲ್ಲ. ಅವನ ವಿಷಯವನ್ನು ನಾನು ಇದುವರೆಗೆ ಯಾರಿಗೂ ಹೇಳಿಲ್ಲ. ನನ್ನ ಗಂಡನಿಗೂ ಹೇಳಿಲ್ಲ.

ಎಂಬತ್ತರ ದಶಕದ ನಡುವಿನ ಒಂದು ವರ್ಷ ಅದು. ನನಗೆ ಇಪ್ಪತ್ತಾರು. ಅಪ್ಪ ಇರಲಿಲ್ಲ. ಬಂಗಾರಪೇಟೆಯ ಮನೆಯಲ್ಲಿ ಅಮ್ಮ, ಓದುತ್ತಿದ್ದ ಇಬ್ಬರು ತಂಗಿಯರು, ನಾನು. ಬೆಳಗಿನ ರೈಲಿನಲ್ಲಿ ಚಿನ್ನದ ಗಣಿಗಳಿದ್ದ ಊರಿಗಾಮಿಗೆ ಹೋಗಿ, ಅಲ್ಲಿಂದ ನಡೆದು ಕಾಲೇಜು ಸೇರುತ್ತಿದ್ದೆ. ಪ್ರಾಣಿಶಾಸ್ತ್ರದ ತಾತ್ಕಾಲಿಕ ಅಧ್ಯಾಪಕಿ. ಏಪ್ರಿಲ್ ಬಂದರೆ ಕೆಲಸ ಮುಗಿಯುವುದು, ಜೂನ್ ಬಂದರೆ ಮತ್ತೆ ಅರ್ಜಿ ಹಿಡಿದು ನಿಲ್ಲುವುದು. ಮೂರು ವರ್ಷ ಹಾಗೇ ಕಳೆದಿತ್ತು. ಆ ವರ್ಷ ಒಂದು ಹುದ್ದೆ ಕಾಯಂ ಆಗುವುದರಲ್ಲಿತ್ತು. "ಎಂ.ಫಿಲ್. ಕೆಲಸ ಬೇಗ ಮುಗಿಸಿ, ಒಂದು ಸೆಮಿನಾರಿನಲ್ಲಿ ಪ್ರಬಂಧ ಓದಿ. ಮಿಕ್ಕಿದ್ದು ನಾನು ನೋಡ್ಕೊಳ್ತೀನಿ" ಎಂದು ನಮ್ಮ ವಿಭಾಗದ ಮುಖ್ಯಸ್ಥರು ಹೇಳಿದ್ದರು. ಅವರನ್ನು ನಾವೆಲ್ಲ ಹೆಡ್ ಸರ್ ಎನ್ನುತ್ತಿದ್ದೆವು.

ಎಂ.ಫಿಲ್.ಗೆ ನಾನು ತೆಗೆದುಕೊಂಡಿದ್ದ ವಿಷಯ, ಜೀವಕೋಶಗಳು ಒಂದಕ್ಕೊಂದು ಹೇಗೆ ಸೇರಿಕೊಂಡಿರುತ್ತವೆ ಎನ್ನುವುದು. ದೊಡ್ಡ ಯಂತ್ರಗಳು ನಮ್ಮಲ್ಲಿರಲಿಲ್ಲ. ಇದ್ದದ್ದು ಒಂದು ಹಳೆಯ ಸೂಕ್ಷ್ಮದರ್ಶಕ, ಪುಸ್ತಕದಲ್ಲಿದ್ದ ಒಂದು ಹಳೆಯ ವಿಧಾನ. ಮೇಕೆಯ ಕರುಳನ್ನು ಹೊಟ್ಟೆಯೊಳಗೆ ಹಿಡಿದಿಟ್ಟಿರುವುದು ಒಂದು ತೆಳ್ಳನೆಯ ಪೊರೆ. ಬೆಳಕಿಗೆ ಹಿಡಿದರೆ ಆಚೆಯ ಬೆರಳು ಕಾಣುವಷ್ಟು ತೆಳು. ಅದರ ಮೇಲುಹೊದಿಕೆಯಲ್ಲಿ ಜೀವಕೋಶಗಳು ಒಂದೇ ಪದರವಾಗಿ, ಅಂಗಳಕ್ಕೆ ಹಾಸಿದ ಚಪ್ಪಡಿಗಳ ಹಾಗೆ ಒತ್ತಾಗಿ ಕೂತಿರುತ್ತವೆ. ಆ ಪೊರೆಯನ್ನು ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ಬಿಸಿಲಿಗೆ ಇಟ್ಟರೆ, ಕೋಶ ಕೋಶಗಳ ನಡುವಿನ ಸೇರುವೆಯಲ್ಲಿ ಬೆಳ್ಳಿ ನಿಂತು ಕಪ್ಪಾಗುತ್ತದೆ. ಸೂಕ್ಷ್ಮದರ್ಶಕದಲ್ಲಿ ಪ್ರತಿ ಕೋಶದ ಸುತ್ತ ಪೆನ್ನಿನಲ್ಲಿ ಗೆರೆ ಎಳೆದಂತೆ ಕಾಣಬೇಕು. ಪುಸ್ತಕದಲ್ಲಿ ಹಾಗೆ ಬರೆದಿತ್ತು.

ನನಗೆ ಕಂಡದ್ದು ಬರೀ ಮಸಿ. ಜೂನ್ ಇಡೀ ಪ್ರಯತ್ನ ಮಾಡಿದೆ. ಬೆಳ್ಳಿ ಗಂಟುಗಂಟಾಗಿ ಪೊರೆಯ ತುಂಬ ಕೂತು, ಬಿಸಿಲಿಗೆ ಇಟ್ಟ ಕೂಡಲೇ ಇಡೀ ಸ್ಲೈಡು ಕಪ್ಪಾಗುತ್ತಿತ್ತು. ನನ್ನಲ್ಲಿದ್ದ ಸಣ್ಣ ಸೀಸೆ ಸಿಲ್ವರ್ ನೈಟ್ರೇಟ್ ಹಾಗೇ ಮುಗಿಯುತ್ತ ಬಂತು.

ಪ್ರಯೋಗಾಲಯದ ಅಟೆಂಡರ್ ಆಗಿದ್ದವನು ವೆಂಕಟರವಣಪ್ಪ. ವಯಸ್ಸು ನಲವತ್ತರ ಮೇಲೆ. ಬಂಗಾರಪೇಟೆಯಿಂದ ಬೂದಿಕೋಟೆ ಕಡೆ ಹೋಗುವ ದಾರಿಯಲ್ಲಿ ಒಂದು ಹಳ್ಳಿ ಅವನದು. ಕುರಿ ಮೇಕೆ ಸಾಕುವ ಮನೆತನ. ಅವನೂ ನನ್ನ ರೈಲಿಗೇ ಬರುತ್ತಿದ್ದ, ಆದರೆ ನನ್ನನ್ನು ಕಂಡರೆ ಬೇರೆ ಡಬ್ಬಿ ಹತ್ತುತ್ತಿದ್ದ. ಕಾಲೇಜಿಗೆ ಬರುವ ಮೊದಲು ನಂದಿದುರ್ಗ ಎಂಬ ಹೆಸರಿನ ಗಣಿಯ ಚಿನ್ನ ಪರೀಕ್ಷೆ ಮಾಡುವ ಕೋಣೆಯಲ್ಲಿ ಬಹಳ ವರ್ಷ ಕೂಲಿಯಾಗಿದ್ದವನು. ಅಲ್ಲಿ ಕೆಲಸ ಕಡಿಮೆಯಾದಾಗ ಹೊರಗೆ ಬಂದಿದ್ದ. ಕಾಲೇಜಿನಲ್ಲೂ ಅವನದು ಕಾಯಂ ಕೆಲಸವಲ್ಲ, ದಿನಗೂಲಿ.

ನಾನು ಒಂದು ಮಧ್ಯಾಹ್ನ ಕಪ್ಪಾದ ಸ್ಲೈಡುಗಳನ್ನು ಬಕೆಟ್ಟಿಗೆ ಹಾಕುತ್ತಿದ್ದಾಗ ಅವನು ಬಂದು ನಿಂತ.

"ಪೊರೇನ ಯಾವ ನೀರಾಗೆ ಇಟ್ಟಿರ್ತೀರ ಮೇಡಮ್ಮ?"

"ಉಪ್ಪುನೀರಿನಲ್ಲಿ. ಇಲ್ಲದಿದ್ದರೆ ಕೋಶ ಸತ್ತುಹೋಗುತ್ತೆ."

"ಆಮ್ಯಾಕೆ ಅಂಗೇ ಬೆಳ್ಳಿ ನೀರಿಗೆ ಆಕ್ತೀರ?"

"ಹೌದು."

"ಅದೇ ಮತ್ತೆ. ಉಪ್ಪು ಸೋಕಿದ್ರೆ ಬೆಳ್ಳಿ ಮೊಸ್ರಾಗ್ತೈತೆ. ನಾವು ಅಲ್ಲಿ ಆಸಿಡ್ಡಿಗೆ ನೀರು ಬೆರ್ಸೋ ಮುಂಚೆ, ಆ ನೀರಿಗೆ ಒಂದು ತೊಟ್ಟು ಬೆಳ್ಳಿ ನೀರು ಬಿಟ್ಟು ನೋಡ್ತಿದ್ವಿ. ಮೊಸ್ರಾದ್ರೆ ಆ ನೀರು ಚೆಲ್ಲು ಅಂತ. ಪೊರೇನ ಭಟ್ಟಿ ಇಳ್ಸಿದ ನೀರಾಗೆ ಎರಡು ಸಲ ಜಾಲಾಡಿಸ್ಬುಟ್ಟು ಆಕಿ ನೋಡಿ."

ನಾನು ಎಂ.ಎಸ್ಸಿ. ಮಾಡಿದವಳು. ಉಪ್ಪಿಗೆ ಬೆಳ್ಳಿ ಸೇರಿದರೆ ಏನಾಗುತ್ತದೆ ಎಂದು ಪಿಯುಸಿಯಲ್ಲೇ ಓದಿದ್ದೆ. ಒಂದು ತಿಂಗಳು ಹೊಳೆದಿರಲಿಲ್ಲ. ಮಾರನೆಯ ದಿನ ಅವನು ಹೇಳಿದಂತೆ ಮಾಡಿದೆ. ಬಿಸಿಲಿಗಿಟ್ಟು ತಂದು ನೋಡಿದರೆ ಮಸಿ ಇಲ್ಲ. ಹಳದಿ ನೆಲದ ಮೇಲೆ ತೆಳ್ಳನೆಯ ಕಪ್ಪು ಗೆರೆಗಳು, ಮನೆ ಮನೆಯಾಗಿ. ಎಷ್ಟು ಹೊತ್ತು ನೋಡಿದೆನೋ. ಆಮೇಲೆ ಅವನನ್ನು ಕರೆದು ಸ್ಟೂಲಿನ ಮೇಲೆ ಕೂರಿಸಿದೆ. ಅಟೆಂಡರುಗಳು ಸೂಕ್ಷ್ಮದರ್ಶಕ ಒರೆಸಬಹುದು, ಅದರಲ್ಲಿ ನೋಡುವಂತಿಲ್ಲ ಎಂದು ಹೆಡ್ ಸರ್ ಅವರ ನಿಯಮ. ಅವನು ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿ, ಕಣ್ಣು ಇಟ್ಟ.

"ಎಲ್ಲಾ ಒಂದ್ನೊಂದು ಇಡ್ಕೊಂಡವೆ" ಎಂದ ಕೊನೆಗೆ.

ಅಲ್ಲಿಂದ ಆಚೆ ಕೆಲಸ ಇಬ್ಬರದೂ ಆಯಿತು. ಬೆಳಗ್ಗೆ ರಾಬರ್ಟ್‌ಸನ್‌ಪೇಟೆಯಲ್ಲಿ ಮೇಕೆ ಕೊಯ್ದ ಕೂಡಲೇ ಪೊರೆ ತರುವವನು ಅವನು. ಮೇಕೆಯ ಒಡಲು ಅವನಿಗೆ ಚೆನ್ನಾಗಿ ಗೊತ್ತಿತ್ತು. ನಾನು ಎಳೆದರೆ ಹರಿದುಹೋಗುತ್ತಿದ್ದ ಪೊರೆಯನ್ನು ಅವನು ಎರಡು ಬೆರಳಲ್ಲಿ, ಬಾಳೆಯ ಸುಳಿ ಬಿಡಿಸುವಷ್ಟು ನಿಧಾನವಾಗಿ ಬಿಡಿಸುತ್ತಿದ್ದ. ಬೆಚ್ಚಗಿನ ಉಪ್ಪುನೀರು ತುಂಬಿದ ಫ್ಲಾಸ್ಕಿನಲ್ಲಿ ತಂದರೆ ಕೋಶಗಳು ಕೆಲವು ಗಂಟೆ ಬದುಕಿರುತ್ತಿದ್ದವು. ಸಿಲ್ವರ್ ನೈಟ್ರೇಟ್ ತಾಗಿದ ಚರ್ಮ ಬಿಸಿಲಿಗೆ ಕಪ್ಪಾಗುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ. ಜುಲೈ ಮುಗಿಯುವ ಹೊತ್ತಿಗೆ ಇಬ್ಬರ ಬೆರಳ ತುದಿಗಳೂ ಕಪ್ಪಾಗಿದ್ದವು. "ಏನೇ ಇದು, ಮದುವೆಯಾಗಬೇಕಾದವಳು" ಎಂದು ಅಮ್ಮ ಹುಣಿಸೆಹಣ್ಣು ಹಚ್ಚಿ ಉಜ್ಜಿಸಿದಳು. ಹೋಗಲಿಲ್ಲ.

ಆಷಾಢದಲ್ಲಿ ಮೋಡ ಮುಚ್ಚಿ ಗಾಳಿ ಎದ್ದಿತು. ಗಣಿಯ ಮರಳುಗುಡ್ಡದ ಬಿಳಿ ಧೂಳು ಕಿಟಕಿ ಸಂದಿಯಿಂದ ಬಂದು ಗಾಜುಗಳ ಮೇಲೆಲ್ಲ ಕೂರುತ್ತಿತ್ತು. ನಮಗೆ ಬಿಸಿಲು ಬೇಕು. ತಾರಸಿಯ ಮೇಲೆ ಪೊರೆಯ ಬಟ್ಟಲು ಇಟ್ಟುಕೊಂಡು ಇಬ್ಬರೂ ಆಕಾಶ ನೋಡುತ್ತ ಕೂರುವುದು. ಆಗ ಅವನು ಮಾತಾಡುತ್ತಿದ್ದ. ಹೆಂಡತಿ ಮುನಿಯಮ್ಮನ ಬಗ್ಗೆ, ಅವಳು ತಮಗಿದ್ದ ಎರಡು ಹಸುಗಳಿಗೆ ಇಟ್ಟ ಹೆಸರುಗಳ ಬಗ್ಗೆ, ಪರೀಕ್ಷೆ ಕೋಣೆಯಲ್ಲಿ ಚಿನ್ನವನ್ನು ಆಸಿಡ್ಡಿನಲ್ಲಿ ಕಾಸುವಾಗ ಬರುತ್ತಿದ್ದ ಕೆಂಪು ಹೊಗೆಯ ಬಗ್ಗೆ. ಒಂದೊಂದು ಸಲ ಗಣಿಯೊಳಗೆ ಬಂಡೆ ಸಿಡಿದು ನೆಲ ನಡುಗುತ್ತಿತ್ತು. ಬಟ್ಟಲಿನ ನೀರು ಸಣ್ಣಗೆ ಅಲುಗುತ್ತಿತ್ತು. ಇಬ್ಬರೂ ಮಾತು ನಿಲ್ಲಿಸಿ, ಅಪಘಾತದ ಸೈರನ್ ಕೂಗುತ್ತದೋ ಎಂದು ಕಿವಿಗೊಟ್ಟು, ಕೂಗದಿದ್ದರೆ ಮತ್ತೆ ಮುಂದುವರಿಸುವುದು.

ಆಗಸ್ಟಿನಲ್ಲಿ ಒಂದು ದಿನ ಅವನೇ ಕೇಳಿದ. "ಇದು ಮೇಕೆ ಒಟ್ಟೇಲಿ ಸುಮ್ನೆ ಬಿದ್ದಿರಾಕಿಲ್ಲ ಮೇಡಮ್ಮ. ಕರುಳು ತೂಕ ಜಗ್ತಿರ್ತೈತೆ. ನಾವು ಬಟ್ಲಲ್ಲಿ ಸಡ್ಲ ಬುಟ್ಟು ನೋಡಿದ್ರೆ ಎಂಗೆ? ಎಳ್ದು ನೋಡಾನ."

ನನ್ನ ಬಳೆಗೆ ಸಿಕ್ಕಿಸಿಕೊಂಡಿದ್ದ ಸೇಫ್ಟಿ ಪಿನ್ನುಗಳನ್ನು ಇಸಿದುಕೊಂಡ. ಪೊರೆಯ ಒಂದು ಪಟ್ಟಿ ಕತ್ತರಿಸಿ, ಒಂದು ತುದಿಯನ್ನು ಗಾಜಿಗೆ ಕಟ್ಟಿ, ಇನ್ನೊಂದು ತುದಿಗೆ ದಾರ ಕಟ್ಟಿ, ದಾರಕ್ಕೆ ಪಿನ್ನುಗಳನ್ನು ನೇತುಹಾಕಿ ಬಟ್ಟಲಿನ ಅಂಚಿನಿಂದ ಇಳಿಬಿಟ್ಟ. ಅದೇ ಪೊರೆಯ ಇನ್ನೊಂದು ಪಟ್ಟಿಯನ್ನು ಪಕ್ಕದ ಬಟ್ಟಲಿನಲ್ಲಿ ಸಡಿಲವಾಗಿ ಬಿಟ್ಟ. ಎರಡನ್ನೂ ಮೂರು ಗಂಟೆ ಬೆಚ್ಚಗಿನ ಉಪ್ಪುನೀರಿನಲ್ಲಿಟ್ಟು, ಜಾಲಾಡಿಸಿ, ಬೆಳ್ಳಿಯಲ್ಲಿ ಅದ್ದಿ, ಬಿಸಿಲು ತೋರಿಸಿದೆವು. ಮೊದಲು ನಾನು ನೋಡಿದೆ. ಸಡಿಲ ಬಿಟ್ಟದ್ದರಲ್ಲಿ ಗೆರೆಗಳು ಡೊಂಕುಡೊಂಕು. ಎಳೆದದ್ದರಲ್ಲಿ ನೆಟ್ಟಗೆ. ಇದು ನಿರೀಕ್ಷಿಸಬಹುದಾದದ್ದೇ. ಪುಸ್ತಕದಲ್ಲಿ ಗುರುತು ಹಾಕಿಕೊಂಡು ಎದ್ದೆ. ಅವನು ಕೂತ. ಏಳಲೇ ಇಲ್ಲ.

"ಎಳ್ದಿರಾದ್ರಲ್ಲಿ ಗೆರೆ ದಪ್ಪ ಅವೆ."

"ಬೆಳ್ಳಿ ಜಾಸ್ತಿ ನಿಂತಿರುತ್ತೆ."

"ಜಾಸ್ತಿ ನಿಂತಿದ್ರೆ ಎಲ್ಲಾ ಗೆರೇಗೂ ನಿಲ್ಬೇಕಲ್ಲ ಮೇಡಮ್ಮ. ಎಳೆತ ಯಾವ ಗೆರೆ ಬಿಡ್ಸಾಕೆ ನೋಡ್ತೈತೋ ಆ ಗೆರೆ ಮಾತ್ರ ದಪ್ಪ. ಪಕ್ಕದ್ದು ತೆಳ್ಳಗೇ ಐತೆ. ಬನ್ನಿ, ನೋಡಿ."

ನೋಡಿದೆ. ಅವನು ಹೇಳಿದ ಹಾಗೇ ಇತ್ತು. ಜಗ್ಗುವ ದಿಕ್ಕಿಗೆ ಅಡ್ಡಲಾಗಿದ್ದ ಗೆರೆಗಳು, ಅಂದರೆ ಎರಡು ಕೋಶಗಳನ್ನು ಕಿತ್ತು ಬೇರೆ ಮಾಡುವಂತೆ ಎಳೆತ ಬೀಳುತ್ತಿದ್ದ ಸೇರುವೆಗಳು, ಇದ್ದಿಲಿನಲ್ಲಿ ಎಳೆದಷ್ಟು ದಪ್ಪ. ಸಡಿಲ ಪಟ್ಟಿಯಲ್ಲಿ ಎಲ್ಲೂ ಹಾಗಿಲ್ಲ. ನಾನು ಒಪ್ಪಲಿಲ್ಲ. ಮತ್ತೆ ಮಾಡಿಸಿದೆ. ಸೆಪ್ಟೆಂಬರ್ ಇಡೀ ಮಾಡಿದೆವು. ಒಂದೇ ಮೇಕೆಯದು, ಒಂದೇ ದಿನದ್ದು, ಒಂದೇ ಬಟ್ಟಲಿನ ಬೆಳ್ಳಿ. ಒಂದು ದಿನ ಸ್ಲೈಡುಗಳ ಚೀಟಿ ಕಿತ್ತು, ಕಲೆಸಿ, ಯಾವುದು ಎಳೆದದ್ದು ಹೇಳು ಎಂದು ಅವನ ಮುಂದಿಟ್ಟೆ. ಒಂದನ್ನೂ ತಪ್ಪು ಹೇಳಲಿಲ್ಲ.

"ಯಾಕೆ ದಪ್ಪ ಆಗ್ತವೆ ಅಂತೀರ?" ಎಂದು ಕೇಳಿದ.

"ಗೊತ್ತಿಲ್ಲ ರವಣಪ್ಪ."

"ನಂಗನ್ನಿಸ್ತೈತೆ, ಬುಟ್ಟೋಗ್ತೀನಿ ಅನ್ನೋ ಜಾಗ್ದಾಗೆ ಅವು ಇನ್ನಾ ಗಟ್ಟಿಯಾಗಿ ಇಡ್ಕೊಳ್ತಾವೆ. ತಿಳ್ಕಬೇಕು ಇದನ್ನ."

ಎಷ್ಟೋ ವರ್ಷಗಳ ಮೇಲೆ, ನಿವೃತ್ತಿಗೆ ಸ್ವಲ್ಪ ಮೊದಲು, ಹೊಸ ಪಠ್ಯಪುಸ್ತಕದಲ್ಲಿ ಆ ಪಾಠ ಬಂತು. ಎಳೆತ ಬಿದ್ದಾಗ ಸೇರುವೆಯಲ್ಲಿರುವ ಒಂದು ಪ್ರೋಟೀನು ಮಡಿಕೆ ಬಿಚ್ಚಿಕೊಂಡು ಇನ್ನಷ್ಟು ಪ್ರೋಟೀನುಗಳನ್ನು ಅಲ್ಲಿಗೆ ಸೆಳೆಯುತ್ತದೆ, ಸೇರುವೆ ಬಲವಾಗುತ್ತದೆ ಎಂದು. ತರಗತಿಯಲ್ಲಿ ಓದಿ ಹೇಳಿದೆ. ನಮ್ಮ ಬೆಳ್ಳಿ ಗೆರೆ ತೋರಿಸಿದ್ದು ಅದನ್ನೇ ಎಂದು ಪ್ರಮಾಣ ಮಾಡಿ ಹೇಳಲಾರೆ. ಅಲ್ಲ ಎಂದೂ ಹೇಳಲಾರೆ. ಆ ದಿನ ಪಾಠ ಅರ್ಧಕ್ಕೆ ನಿಲ್ಲಿಸಿದೆ, ತಲೆನೋವು ಎಂದೆ.

ಇಷ್ಟು ಕೆಲಸಕ್ಕೆ ಬೆಳ್ಳಿ ಎಲ್ಲಿಂದ ಬಂತು ಎನ್ನುವುದನ್ನು ಈಗ ಹೇಳಬೇಕು. ನನ್ನ ಸೀಸೆ ಜೂನ್‌ನಲ್ಲೇ ಮುಗಿದಿತ್ತು. ರಸಾಯನಶಾಸ್ತ್ರದ ಉಗ್ರಾಣದಲ್ಲಿ ಒಂದು ದೊಡ್ಡ ಸೀಸೆ ಇತ್ತು. ಕೇಳಿದರೆ ಹೆಡ್ ಸರ್ ಒಪ್ಪುತ್ತಿರಲಿಲ್ಲ. ಸ್ವಂತ ಡಿಗ್ರಿಗೆ ಕಾಲೇಜಿನ ಸಾಮಾನು ಮುಟ್ಟಬಾರದು ಎಂದು ಮೊದಲೇ ಹೇಳಿದ್ದರು. ಉಗ್ರಾಣ ಗುಡಿಸುವವನು ವೆಂಕಟರವಣಪ್ಪ, ಬೀಗದ ಕೈ ಅವನ ಹತ್ತಿರ ಇರುತ್ತಿತ್ತು. ತಂದುಕೊಡು ಎಂದು ನಾನೇ ಹೇಳಿದೆ.

ಅವನು ತಲೆ ಕೆರೆದುಕೊಂಡ. "ಒಂದು ಚೀಟಿ ಬರ್ದು ಕೊಡಿ ಮೇಡಮ್ಮ. ನಾಳೆ ಕೇಳ್ತಾರೆ."

"ಆಮೇಲೆ ಬರೆದು ಕೊಡ್ತೀನಿ. ನಾನಿದ್ದೀನಲ್ಲ."

ತಂದುಕೊಟ್ಟ. ಚೀಟಿ ನಾನು ಬರೆಯಲಿಲ್ಲ. ಇವತ್ತು ನಾಳೆ ಎಂದು ಮುಂದೆ ಹಾಕಿದೆ. ದಸರಾ ಹೊತ್ತಿಗೆ ಸೀಸೆ ಖಾಲಿಯಾಗಿತ್ತು.

ದಸರಾ ರಜೆ ಕಳೆದು ಕಾಲೇಜು ತೆರೆದ ವಾರ ಉಗ್ರಾಣದ ತಪಾಸಣೆ ಆಯಿತು. ಗುರುವಾರ, ಎರಡನೆಯ ಪೀರಿಯಡ್. ಪ್ರಿನ್ಸಿಪಾಲರ ಕೋಣೆಗೆ ಬರಬೇಕು ಎಂದು ನನಗೆ ಕರೆ ಬಂತು. ಹೋದರೆ ಪ್ರಿನ್ಸಿಪಾಲರು, ಹೆಡ್ ಸರ್ ಕೂತಿದ್ದರು. ಬಾಗಿಲ ಪಕ್ಕ ವೆಂಕಟರವಣಪ್ಪ ನಿಂತಿದ್ದ. ಮೇಜಿನ ಮೇಲೆ ಖಾಲಿ ಸೀಸೆ. ನನಗೆ ಕುರ್ಚಿ ತೋರಿಸಿದರು. ಕೂತೆ.

"ಕೈ ತೋರಿಸೋ" ಎಂದರು ಹೆಡ್ ಸರ್ ಅವನಿಗೆ.

ಅವನು ಎರಡೂ ಕೈ ಮುಂದೆ ಚಾಚಿದ. ಹತ್ತು ಬೆರಳ ತುದಿಯೂ ಕಪ್ಪು.

"ನೋಡಿ ಸರ್. ಇದು ಸಿಲ್ವರ್ ನೈಟ್ರೇಟೇ. ಗಣಿಯಲ್ಲಿ ಬೆಳ್ಳಿ ಇಳಿಸೋದು ಕಲ್ತು ಬಂದವನು ಇವನು. ಇಷ್ಟು ದೊಡ್ಡ ಸೀಸೆ, ಯಾವ ಅಕ್ಕಸಾಲಿಗೆ ಕೊಟ್ಟೆಯೋ?"

ನನ್ನ ಕೈಗಳು ಮಡಿಲಲ್ಲಿದ್ದವು. ನಾನು ಸೆರಗನ್ನು ಎಳೆದುಕೊಂಡು ಅವುಗಳ ಮೇಲೆ ಹಾಕಿಕೊಂಡೆ. ಚಳಿಯಾದವರು ಹೊದ್ದುಕೊಳ್ಳುವಂತೆ, ಬಹಳ ಸಹಜವಾಗಿ. ಯಾರೂ ನನ್ನ ಕೈ ನೋಡಲಿಲ್ಲ. ಮೇಡಂ ಒಬ್ಬರ ಕೈಯನ್ನು ಯಾರು ತೋರಿಸು ಎನ್ನುತ್ತಾರೆ? ಕಾಯಂ ಹುದ್ದೆಯ ಸಂದರ್ಶನ ಮುಂದಿನ ಸೋಮವಾರ ಇತ್ತು.

ಹೆಡ್ ಸರ್ ನನ್ನ ಕಡೆ ತಿರುಗಿದರು. "ನೀವೂ ಇದೇ ಕೆಮಿಕಲ್ಲಿನಲ್ಲಿ ಕೆಲಸ ಮಾಡ್ತಿದ್ದೀರಿ. ಈ ಸೀಸೆ ವಿಷಯ ನಿಮಗೇನಾದರೂ ಗೊತ್ತಾ?"

"ಇಲ್ಲ ಸರ್" ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಕೇಳದಿದ್ದರೂ ಇನ್ನೊಂದು ಮಾತು ಸೇರಿಸಿದೆ. "ನಾನು ನನ್ನದೇ ತಂದ್ಕೊಂಡಿದ್ದೆ, ಬೆಂಗಳೂರಿಂದ."

ವೆಂಕಟರವಣಪ್ಪ ನನ್ನನ್ನು ಒಂದೇ ಒಂದು ಸಲ ನೋಡಿದ. ಕೋಪವಿರಲಿಲ್ಲ. ಲೆಕ್ಕ ತಪ್ಪಾದಾಗ ಮಕ್ಕಳು ಮೇಷ್ಟ್ರ ಮುಖ ನೋಡುತ್ತಾರಲ್ಲ, ಹಾಗೆ ನೋಡಿದ. ಆಮೇಲೆ ನೆಲ ನೋಡಿದ.

"ಕದ್ದಿಲ್ಲ ಸಾ" ಎಂದ. "ಒರೆಸ್ತಾ ಇದ್ದೆ. ಕೈ ಜಾರಿ ಉರುಳ್ಕೊಂಡು ಚೆಲ್ಲೋಯ್ತು. ಬಳ್ದು ಆಕ್ದೆ, ಅದ್ಕೇ ಕೈ ಇಂಗಾಗವೆ. ಏಳಾಕೆ ಬಯ ಆಯ್ತು."

ಕಳ್ಳತನ ಎಂದು ಸಾಬೀತು ಮಾಡಲು ಏನೂ ಇರಲಿಲ್ಲ. ಪ್ರಿನ್ಸಿಪಾಲರಿಗೆ ಪೊಲೀಸರನ್ನು ಕರೆಸುವ ಮನಸ್ಸೂ ಇರಲಿಲ್ಲ. "ನಾಳೆಯಿಂದ ಬರಬೇಡ" ಎಂದರು. ಅವನು ಸೊಂಟದಿಂದ ಬೀಗದ ಕೈ ಗೊಂಚಲು ಬಿಚ್ಚಿ, ಮೇಜಿನ ಮೇಲೆ ಸದ್ದಾಗದಂತೆ ಇಟ್ಟು ಹೋದ. ಪ್ರಯೋಗಾಲಯಕ್ಕೂ ಬರಲಿಲ್ಲ. ಅವನ ಟಿಫನ್ ಡಬ್ಬಿ ಕಿಟಕಿಯಲ್ಲಿ ಇತ್ತು. ಸಂಜೆ ರೈಲಿಗೆ ಕೊಂಡೊಯ್ದೆ, ಕೊಡೋಣ ಎಂದು. ಅವನು ಆ ರೈಲಿನಲ್ಲಿ ಇರಲಿಲ್ಲ. ಡಬ್ಬಿಯೊಳಗೆ ರಾಗಿ ಮುದ್ದೆ ಮುಟ್ಟದೆ ಹಾಗೇ ಇತ್ತು.

ಸಂದರ್ಶನ ಚೆನ್ನಾಗಿ ಆಯಿತು. ನವೆಂಬರಿನಲ್ಲಿ ಬೆಂಗಳೂರಿನ ಸೆಮಿನಾರು. ಪ್ರಬಂಧದ ಕೊನೆಗೆ ಒಂದು ಸಾಲು ಬರೆದಿದ್ದೆ, ಸ್ಲೈಡುಗಳ ತಯಾರಿಯಲ್ಲಿ ನೆರವಾದ ವೆಂಕಟರವಣಪ್ಪನಿಗೆ ಕೃತಜ್ಞತೆ ಎಂದು. ಟೈಪಿಗೆ ಕೊಡುವಾಗ ಹೆಡ್ ಸರ್ ಓದಿ, "ಓಡಿಸಿದ ಅಟೆಂಡರ್ ಹೆಸರು ಹಾಕಿದರೆ ಜನ ನಗ್ತಾರಮ್ಮ. ಜೊತೆಗೆ ಆ ಸೀಸೆ ಯಾಕೆ ಖಾಲಿಯಾಯ್ತು ಅಂತ ನಾನೇ ಯೋಚನೆ ಮಾಡಬೇಕಾಗುತ್ತೆ" ಎಂದು ನನ್ನ ಮುಖ ನೋಡಿದರು. ಅವರಿಗೆ ಮೊದಲಿನಿಂದಲೂ ಗೊತ್ತಿತ್ತು ಎಂದು ಆಗ ತಿಳಿಯಿತು. ಗೊತ್ತಿದ್ದೂ ಅವನನ್ನು ಕಳಿಸಿದ್ದರು, ನನ್ನನ್ನು ಉಳಿಸಿಕೊಂಡಿದ್ದರು. ಅದಕ್ಕಾಗಿ ನಾನು ಮುಂದಿನ ಇಪ್ಪತ್ತು ವರ್ಷ ಅವರು ಹೇಳಿದ್ದಕ್ಕೆಲ್ಲ ಹೂಂ ಎಂದೆ. ಆ ದಿನವೂ ಪೆನ್ನು ತೆಗೆದು ಆ ಸಾಲು ಹೊಡೆದುಹಾಕಿದೆ.

ಸೆಮಿನಾರಿನಲ್ಲಿ ಸ್ಲೈಡುಗಳ ಚಿತ್ರ ತೋರಿಸಿ ಕೂತಾಗ, ಮುಂದಿನ ಸಾಲಿನಲ್ಲಿದ್ದ ವಯಸ್ಸಾದ ವಿಜ್ಞಾನಿಯೊಬ್ಬರು ಎದ್ದರು. ಬೇರೆ ಪ್ರಶ್ನೆಗಳಿಗೆಲ್ಲ ನಾನು ಸಿದ್ಧವಾಗಿದ್ದೆ. ಅವರು ಕೇಳಿದ್ದು ಬೇರೆ. "ಹೀಗೆ ತೂಕ ಕಟ್ಟಿ ಎಳೆದು ನೋಡಬೇಕು ಅಂತ ಹೊಳೆದದ್ದು ಯಾರಿಗಮ್ಮ?"

"ನನಗೇ ಸರ್" ಎಂದೆ.

ಅವರು ನಕ್ಕು, ಬಹಳ ಒಳ್ಳೆಯ ಕೆಲಸ, ಬಿಡಬೇಡಿ, ನಮ್ಮ ಪ್ರಯೋಗಾಲಯಕ್ಕೆ ಬನ್ನಿ, ದೊಡ್ಡ ಯಂತ್ರದಲ್ಲಿ ನೋಡೋಣ ಎಂದರು. ವಿಳಾಸ ಬರೆದುಕೊಟ್ಟರು. ನಾನು ಹೋಗಲಿಲ್ಲ. ಹೋಗುವುದಕ್ಕೆ ಹೊಸ ಸ್ಲೈಡು ಬೇಕಿತ್ತು. ಡಿಸೆಂಬರಿನಲ್ಲಿ ಎರಡು ಸಲ ಒಬ್ಬಳೇ ಕೂತು ಪ್ರಯತ್ನಿಸಿದೆ. ನನ್ನ ಕೈಯಲ್ಲಿ ಪೊರೆ ಹರಿಯಿತು. ಮೂರನೆಯ ಸಲ ಮಾಡಲಿಲ್ಲ. ಅಷ್ಟರಲ್ಲಿ ಕಾಯಂ ಆದೇಶ ಬಂತು, ಮನೆಯಲ್ಲಿ ಪಾಯಸ ಆಯಿತು, ಗಂಡು ನೋಡುವ ಮಾತು ಶುರುವಾಯಿತು. ಸೂಕ್ಷ್ಮದರ್ಶಕಕ್ಕೆ ಬಟ್ಟೆ ಮುಚ್ಚಿಟ್ಟೆ.

ಸಂಕ್ರಾಂತಿ ಕಳೆದ ಮೇಲಿನ ಭಾನುವಾರ ಅವನ ಊರಿಗೆ ಹೋದೆ. ಟಿಫನ್ ಡಬ್ಬಿ ತೊಳೆದು ಚೀಲದಲ್ಲಿ ಇಟ್ಟುಕೊಂಡಿದ್ದೆ. ಎಲ್ಲ ಹೇಳಿಬಿಡುತ್ತೇನೆ, ಪ್ರಿನ್ಸಿಪಾಲರಿಗೂ ಬರೆದುಕೊಡುತ್ತೇನೆ ಎಂದು ಬಸ್ಸಿನಲ್ಲಿ ಕೂತು ಮಾತು ಜೋಡಿಸುತ್ತಿದ್ದೆ. ಹೊಲಗಳಲ್ಲಿ ಅವರೆ ಹೂವು ಉದುರಿ ಕಾಯಿ ಬಲಿತಿತ್ತು. ದಾರಿಯುದ್ದಕ್ಕೂ ಸೊಗಡು. ಊರ ಬಾಗಿಲಲ್ಲಿ ಕೇಳಿದೆ, ಮನೆ ತೋರಿಸಿದರು.

ಅವನು ಕೊಟ್ಟಿಗೆಯಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದ. ನನ್ನನ್ನು ನೋಡಿ ಕೈ ಒರೆಸಿಕೊಂಡು ಓಡಿ ಬಂದ.

"ಬನ್ನಿ ಮೇಡಮ್ಮ, ಬನ್ನಿ. ಏಮೇ, ಮೇಡಮ್ಮಕಿ ಕಾಫಿ ಪೆಟ್ಟು" ಎಂದು, ಕಾಫಿಗಿಡಲು ಹೆಂಡತಿಗೆ ಒಳಗೆ ಕೂಗಿದ. ಮನೆಯಲ್ಲಿ ಅವರು ತೆಲುಗು ಆಡುತ್ತಿದ್ದರು. ಜಗಲಿಯ ಮೇಲೆ ಚಾಪೆ ಹಾಸಿದ. ತಾನು ಕೆಳಗೆ ಕೂತ. ಡೇರಿಗೆ ಹಾಲು ಹಾಕುತ್ತಿದ್ದೇವೆ, ಹೆಂಗೋ ನಡೆಯುತ್ತಿದೆ ಎಂದ. ಬೇರೆ ಕಡೆ ಕೆಲಸ ಕೇಳಿದ್ದನಂತೆ. ಕಾಲೇಜಿನವರು ಯಾಕೆ ಬಿಡಿಸಿದರು ಎಂದು ಎಲ್ಲರೂ ಕೇಳುತ್ತಾರಂತೆ. ಅಷ್ಟಕ್ಕೇ ಆ ಮಾತು ಬಿಟ್ಟ.

ನಾನು ಡಬ್ಬಿ ಕೊಟ್ಟೆ. "ರವಣಪ್ಪ, ಆವತ್ತು ನಾನು..." ಎಂದು ಶುರು ಮಾಡಿದೆ.

"ಅದು ಬುಡಿ ಮೇಡಮ್ಮ" ಎಂದ. "ನಿಮ್ಮೆಸ್ರು ಬಂದಿದ್ರೆ ಇಬ್ರೂ ಆಚೀಗೆ ಓಗ್ತಿದ್ವಿ. ಆ ಗೆರೆ ಕೆಲ್ಸ ಅಲ್ಲಿಗೇ ನಿಂತೋಗ್ತಿತ್ತು. ನಾನೊಬ್ನು ಓದ್ರೆ ಕೆಲ್ಸ ನಡೀತೈತಲ್ಲ ಅನ್ಕೊಂಡೆ." ಸ್ವಲ್ಪ ಮುಂದೆ ಜರುಗಿ ಕೂತ. "ಎಂಗೈತೆ ಈಗ? ಬೆಂಗ್ಳೂರಿಗೆ ಓಗಿದ್ರಾ?"

"ಹೋಗಿದ್ದೆ."

"ಏನಂದ್ರು?"

"ಒಬ್ಬ ದೊಡ್ಡ ವಿಜ್ಞಾನಿ ಎದ್ದು ನಿಂತು ಹೊಗಳಿದರು. ಎಳೆದು ನೋಡೋ ಯೋಚನೆ ಯಾರದು ಅಂತ ಕೇಳಿದರು."

ಅವನು ಚಾಪೆಯ ಅಂಚಿನಿಂದ ಒಂದು ಎಳೆ ಕಿತ್ತು ಬೆರಳಿಗೆ ಸುತ್ತಿದ, ಬಿಚ್ಚಿದ. ಆಮೇಲೆ ಮೆಲ್ಲಗೆ ಕೇಳಿದ. "ನನ್ನೆಸ್ರು ಏಳಿದ್ರಾ ಮೇಡಮ್ಮ?"

ನಾನು ಹೇಳಬೇಕೆಂದು ಬಂದದ್ದು ಬಾಯಲ್ಲಿತ್ತು. ಮುನಿಯಮ್ಮ ಕಾಫಿಯ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಹೇಳಿದೆ" ಎಂದೆ.

ಅವನ ಮುಖ ಹೇಗಾಯಿತು ಎನ್ನುವುದನ್ನು ನಾನು ವರ್ಣಿಸಲಾರೆ. ಹೆಂಡತಿಯ ಕಡೆ ತಿರುಗಿ, "ಕೇಳಿಸ್ಕೊಂಡ್ಯಾ? ಬೆಂಗ್ಳೂರಾಗೆ ಅಷ್ಟು ಜನ ಓದ್ದೋರ ಮುಂದೆ ನನ್ನೆಸ್ರು ಏಳವ್ರೆ" ಎಂದ. ಅವಳು ಕಾಫಿ ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಅವನು ಆಮೇಲೆ ಗೆರೆಗಳ ಬಗ್ಗೆಯೇ ಮಾತಾಡಿದ. ಪಿನ್ನು ಕಡಿಮೆ ಕಟ್ಟಿದರೆ ದಪ್ಪವೂ ಕಡಿಮೆಯಾಗುತ್ತದೋ ನೋಡಿ ಎಂದ. ಎಳೆದು, ಆಮೇಲೆ ಸಡಿಲ ಬಿಟ್ಟರೆ ಮತ್ತೆ ತೆಳ್ಳಗಾಗುತ್ತದೋ, ಹಾಗೇ ಉಳಿಯುತ್ತದೋ ಅದನ್ನೂ ನೋಡಿ ಎಂದ. ನೋಡುತ್ತೇನೆ ಎಂದೆ. ಹಾಗೆ ನೋಡಬೇಕೆನ್ನುವುದು ನನಗೆ ಹೊಳೆದಿರಲಿಲ್ಲ.

ಹೊರಟಾಗ ಬಸ್ಸಿನವರೆಗೆ ಬಂದವಳು ಮುನಿಯಮ್ಮ. ಒಂದು ಗೋಣಿಚೀಲದ ತುಂಬ ಅವರೆಕಾಯಿ ತುಂಬಿ, ಬಾಯಿ ಕಟ್ಟಿ, ತಾನೇ ಸೊಂಟದ ಮೇಲೆ ಹೊತ್ತು ತಂದಳು. ಬಸ್ಸು ತಿರುವಿನಲ್ಲಿ ಕಾಣಿಸಿದಾಗ ಹೇಳಿದಳು.

"ಅವ್ರು ಊಟ ಸರೀಗೆ ಮಾಡಿ ಮೂರು ತಿಂಗ್ಳಾಗಿತ್ತು ಮೇಡಮ್ಮ. ಇವತ್ತು ಉಣ್ತಾರೆ. ನೀವು ಬೆಂಗ್ಳೂರಾ‌ಗೆ ಏಳ್ದಂಗೇ ಕಾಲೇಜ್ನಾಗೂ ಒಂದು ಮಾತು ಏಳ್ಬುಡಿ. ಇವ್ರು ಕದ್ದಿಲ್ಲ ಅಂತ. ಊರಾಗೆ ಮಾತಾಡ್ಕೊಳ್ತಾರೆ."

"ಹೇಳ್ತೀನಿ" ಎಂದೆ.

ಕಂಡಕ್ಟರ್ ಚೀಲ ಮೇಲಕ್ಕೆಳೆದುಕೊಂಡ. ಅವಳು ಕೈಮುಗಿದಳು.

ಅವರೆಕಾಯಿ ಬಲಿತದ್ದು, ಸೊಗಡು ಚೆನ್ನಾಗಿತ್ತು. ತಂಗಿಯರು ಕೂತು ಬಿಡಿಸಿದರು, ಅಮ್ಮ ಅರ್ಧವನ್ನು ಹಿಸುಕಿ ಬೇಳೆ ಮಾಡಿದಳು. ಒಂದು ವಾರ ಅದರದೇ ಸಾರು. ಯಾರು ಕೊಟ್ಟರು ಎಂದು ಅಮ್ಮ ಕೇಳಿದಳು. ಕಾಲೇಜಿನವರು ಎಂದೆ. ಸೋಮವಾರ ಎಂದಿನಂತೆ ರೈಲು ಹತ್ತಿದೆ, ಮೊದಲ ಪೀರಿಯಡ್ ತೆಗೆದುಕೊಂಡೆ, ಪ್ರಿನ್ಸಿಪಾಲರ ಕೋಣೆಯ ಮುಂದೆ ಎರಡು ಸಲ ಹಾದುಹೋದೆ. ಆ ಕಾಲೇಜಿನಲ್ಲಿ ಅದಾದ ಮೇಲೆ ಮೂವತ್ತು ವರ್ಷಕ್ಕಿಂತ ಹೆಚ್ಚು ಕೆಲಸ ಮಾಡಿದೆ.